ಗ್ರೇಲಿಂಗಿನ ಬಿಲ್ಲುಗಳು: ಅಮೆರಿಕದ ಹಳೆಯ ಬೇಟೆಬಿಲ್ಲಿನ ಚರಿತ್ರೆ, ಗುರುತು, ದುರಸ್ತಿ

ಅಮೆರಿಕದ ಹಳೆಯ ವಸ್ತುಗಳ ಮಾರುಕಟ್ಟೆಯಲ್ಲಿ ‘ವಿಂಟೇಜ್ ರಿಕರ್ವ್’ ಎಂಬ ಹೆಸರಿನಿಂದ ಕೈಯಿಂದ ಕೈಗೆ ಸಾಗುವ ಬೇಟೆಬಿಲ್ಲುಗಳಲ್ಲಿ ಬಹುಪಾಲು ಎರಡನೆಯ ಮಹಾಯುದ್ಧ ಮುಗಿದ ಮೇಲಿನ ಸುಮಾರು ಮೂವತ್ತು ವರ್ಷಗಳಲ್ಲಿ, ಮರದ ತೆಳುಪಟ್ಟಿಗಳನ್ನೂ ಗಾಜುನಾರಿನ ಪಟ್ಟಿಗಳನ್ನೂ ಪದರ ಪದರವಾಗಿ ಅಂಟಿಸಿ ಕಾರ್ಖಾನೆಗಳಲ್ಲಿ ತಯಾರಿಸಿದವು. ರಿಕರ್ವ್ ಎಂದರೆ ಹೆದೆ ಇಳಿಸಿಟ್ಟಾಗ ಎರಡೂ ತುದಿಗಳು ಬಿಲ್ಗಾರನಿಗೆ ವಿಮುಖವಾಗಿ, ಗುರಿಯ ಕಡೆಗೆ ಬಾಗಿ ನಿಲ್ಲುವ ಬಿಲ್ಲು. ಹೆದೆ ಏರಿಸಿದಾಗ ಅದರ ಎರಡು ಕೊನೆಗಳು ಈ ಬಾಗಿನ ಮೇಲೆ ಒಂದಿಷ್ಟು ದೂರ ಒರಗಿಕೊಳ್ಳುತ್ತವೆ. ಬಾಣ ಹೂಡಿ ಸೆಳೆಯುತ್ತ ಹೋದಂತೆ ತುದಿಗಳು ಬಿಚ್ಚಿಕೊಂಡು ಹೆದೆಯನ್ನು ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುತ್ತವೆ. ಹೀಗಾಗಿ ಸೆಳೆತದ ಕೊನೆಯಲ್ಲಿ ಭಾರ ಥಟ್ಟನೆ ಏರುವುದಿಲ್ಲ, ಅಷ್ಟೇ ಉದ್ದದ ನೇರ ಬಿಲ್ಲಿಗಿಂತ ಹೆಚ್ಚು ಶಕ್ತಿಯೂ ಅದರಲ್ಲಿ ಕೂಡಿಕೊಳ್ಳುತ್ತದೆ. ಪೊದೆಗಳ ನಡುವೆ ನುಸುಳಬೇಕಾದ ಬೇಟೆಗಾರನಿಗೆ ಗಿಡ್ಡನೆಯ, ಆದರೆ ಬಲವಾದ ಬಿಲ್ಲು ಬೇಕಾಗಿದ್ದುದರಿಂದ ಈ ಆಕಾರ ಬೇಟೆಗೆ ಚೆನ್ನಾಗಿ ಒಗ್ಗಿತು.

ಆಕಾರವೇನೋ ಅಮೆರಿಕದ್ದಲ್ಲ. ನಡುವೆ ಮರ, ಬಿಲ್ಗಾರನ ಕಡೆಗಿನ ಮುಖಕ್ಕೆ ಕೊಂಬು, ಆಚೆಯ ಮುಖಕ್ಕೆ ಪ್ರಾಣಿಯ ನರದ ಎಳೆಗಳು ಹೀಗೆ ಮೂರು ದ್ರವ್ಯಗಳನ್ನು ಸರೇಸಿನಿಂದ ಬೆಸೆದು ಮಾಡಿದ ಮರುಬಾಗಿನ ಬಿಲ್ಲು ಮಧ್ಯ ಏಷ್ಯಾದಿಂದ ತುರ್ಕಿಯವರೆಗೆ, ಇತ್ತ ಭಾರತದವರೆಗೆ ಸಾವಿರಾರು ವರ್ಷ ಬಳಕೆಯಲ್ಲಿತ್ತು. ವಿಷ್ಣುವಿನ ಬಿಲ್ಲಿನ ಹೆಸರಾದ ‘ಶಾರ್ಙ್ಗ’ ಹುಟ್ಟಿದ್ದು ಕೊಂಬು ಎಂಬರ್ಥದ ‘ಶೃಂಗ’ದಿಂದ, ಕನ್ನಡದಲ್ಲಿ ಬಿಲ್ಲಿಗಿರುವ ‘ಸಿಂಗಾಡಿ’ ಎಂಬ ಹಳೆಯ ಮಾತಿನಲ್ಲಿಯೂ ಅದೇ ಕೊಂಬು ಅಡಗಿದೆ. ಬಿಲ್ಲನ್ನು ಬಾಗಿಸಿದಾಗ ಆಚೆಯ ಮುಖ, ಅಂದರೆ ಬಿಲ್ಲಿನ ಬೆನ್ನು, ಹಿಗ್ಗುತ್ತದೆ. ಈಚೆಯ ಮುಖ, ಅಂದರೆ ಹೊಟ್ಟೆ, ಕುಗ್ಗುತ್ತದೆ. ಹಿಗ್ಗುವುದಕ್ಕೆ ನರ, ಕುಗ್ಗುವುದಕ್ಕೆ ಕೊಂಬು ಎಂದು ಹಂಚಿಕೊಟ್ಟ ಆ ಕುಶಲಿಗಳ ತಿಳಿವಳಿಕೆಯನ್ನೇ ಇಪ್ಪತ್ತನೆಯ ಶತಮಾನದ ಅಮೆರಿಕ ಬೇರೆ ಸಾಮಗ್ರಿಯಲ್ಲಿ ಮತ್ತೆ ಕಂಡುಕೊಂಡಿತು ಎನ್ನಬಹುದು.

ಆದರೆ ಅಮೆರಿಕದ ಬಿಲ್ವಿದ್ಯೆಯ ಆರಂಭ ಏಷ್ಯಾದ ದಾರಿಯಲ್ಲಿರಲಿಲ್ಲ. ಅದು ಇಂಗ್ಲಿಷ್ ಉದ್ದಬಿಲ್ಲಿನ ಮಾದರಿಯನ್ನು ಹಿಡಿದು ಹೊರಟಿತು. ಅಂತರ್ಯುದ್ಧದಲ್ಲಿ ದಕ್ಷಿಣದ ಪರವಾಗಿ ಹೋರಾಡಿ ಸೋತು ಬಂದ ಮಾರಿಸ್ ಮತ್ತು ವಿಲ್ ಥಾಂಪ್ಸನ್ ಸೋದರರು ಬಿಲ್ಲುಬೇಟೆಯನ್ನು ಜನಪ್ರಿಯಗೊಳಿಸಿದರು. ಮಾರಿಸನ ‘ದ ವಿಚರಿ ಆಫ್ ಆರ್ಚರಿ’ 1878ರಲ್ಲಿ ಪ್ರಕಟವಾದ ಮರುವರ್ಷವೇ ರಾಷ್ಟ್ರೀಯ ಬಿಲ್ಲುಗಾರಿಕೆ ಸಂಘ ಸ್ಥಾಪನೆಯಾಯಿತು. ಆ ಉತ್ಸಾಹ ತಣ್ಣಗಾದ ಮೇಲೆ, 1911ರಲ್ಲಿ ಕ್ಯಾಲಿಫೋರ್ನಿಯದ ಓರೊವಿಲ್ ಎಂಬಲ್ಲಿ ಹೊರಜಗತ್ತಿಗೆ ಕಾಣಿಸಿಕೊಂಡ, ತನ್ನ ಯಾಹಿ ಜನರಲ್ಲಿ ಕೊನೆಯವನಾಗಿ ಉಳಿದಿದ್ದ ಇಶಿಯಿಂದ ಡಾಕ್ಟರ್ ಸ್ಯಾಕ್ಸ್‌ಟನ್ ಪೋಪ್ ಬಿಲ್ಲು ಮಾಡುವುದನ್ನೂ ಬೇಟೆಯಾಡುವುದನ್ನೂ ಕಲಿತನು. ಇಶಿ 1916ರಲ್ಲಿ ಕ್ಷಯದಿಂದ ತೀರಿಕೊಂಡ ಬಳಿಕ ಪೋಪ್ ಮತ್ತು ಅವನ ಗೆಳೆಯ ಆರ್ಥರ್ ಯಂಗ್ ಕರಡಿ, ಕಡವೆಜಾತಿಯ ದೊಡ್ಡ ಮೃಗಗಳನ್ನು ಬಿಲ್ಲಿನಿಂದಲೇ ಬೇಟೆಯಾಡಿ ಹೆಸರಾದರು. ಒಂದು ಜನಾಂಗವನ್ನು ಅಳಿಸಿದ ನಾಗರಿಕತೆ ಅದರ ಕೊನೆಯ ಮನುಷ್ಯನಿಂದ ಒಂದು ಹವ್ಯಾಸವನ್ನು ಪಡೆದುಕೊಂಡಿತೆಂಬ ಸಂಗತಿಯನ್ನು ಸಂಗ್ರಾಹಕರ ಬರಹಗಳು ಸಾಮಾನ್ಯವಾಗಿ ಬೇಗನೆ ದಾಟಿಹೋಗುತ್ತವೆ.

ಯಂಗ್‌ನ ಅಲಾಸ್ಕಾ ಬೇಟೆಯ ಮೂಕಿಚಿತ್ರವನ್ನು 1920ರ ದಶಕದಲ್ಲಿ ಡೆಟ್ರಾಯಿಟಿನಲ್ಲಿ ನೋಡಿದವರಲ್ಲಿ ಫ್ರೆಡ್ ಬೇರ್ (1902–1988) ಒಬ್ಬನು. ಪೆನ್ಸಿಲ್ವೇನಿಯದಲ್ಲಿ ಹುಟ್ಟಿ ವಾಹನ ಉದ್ಯಮದ ಊರಿಗೆ ಕೆಲಸ ಹುಡುಕಿಕೊಂಡು ಬಂದಿದ್ದ ಈತ, ಆರ್ಥಿಕ ಮುಗ್ಗಟ್ಟಿನ ನಡುವೆ 1933ರಲ್ಲಿ ಗೆಳೆಯನೊಬ್ಬನೊಡನೆ ಬೇರ್ ಪ್ರಾಡಕ್ಟ್ಸ್ ಎಂಬ ಸಣ್ಣ ಉದ್ಯಮವನ್ನು ತೆರೆದನು. ಅದರ ಮುಖ್ಯ ಕಸುಬು ವಾಹನ ಕಂಪನಿಗಳಿಗೆ ರೇಷ್ಮೆಪರದೆಯ ಅಚ್ಚಿನಲ್ಲಿ, ಅಂದರೆ ಜಾಲರಿಬಟ್ಟೆಯ ಮೂಲಕ ಶಾಯಿ ಇಳಿಸುವ ವಿಧಾನದಲ್ಲಿ, ಜಾಹೀರಾತು ಮುದ್ರಿಸುವುದು; ಬಿಲ್ಲು ಬಾಣ ಮಾಡುವುದು ಅದರ ಪಕ್ಕದ ವ್ಯವಹಾರ. ಮುಂದೆ ಬಿಲ್ಲಿನ ತೋಳುಗಳ ಮೇಲೆ ಕಂಪನಿಯ ಹೆಸರು, ಮಾದರಿಯ ಹೆಸರು ಚೊಕ್ಕಟವಾದ ಅಚ್ಚಕ್ಷರಗಳಲ್ಲಿ ಮೂಡಿದುದನ್ನು ನೋಡುವಾಗ ಈ ಹಿನ್ನೆಲೆಯನ್ನು ನೆನೆಯುವುದು ಅಪ್ರಸ್ತುತವಲ್ಲ. 1934ರಲ್ಲಿ ವಿಸ್ಕಾನ್ಸಿನ್, 1937ರಲ್ಲಿ ಮಿಷಿಗನ್ ರಾಜ್ಯಗಳು ಜಿಂಕೆಬೇಟೆಗೆ ಬಿಲ್ಲುಗಾರರದೇ ಪ್ರತ್ಯೇಕ ಋತುವನ್ನು ಕಾನೂನಿನಲ್ಲಿ ಮಾನ್ಯಮಾಡಿದ್ದರಿಂದ ಕೊಳ್ಳುವವರು ಹುಟ್ಟಿಕೊಂಡರು. ಅದಕ್ಕೆ ಮೊದಲು ಬಿಲ್ಲು ಬಹುಮಟ್ಟಿಗೆ ಗುರಿಹಲಗೆಯ ಆಟದ ಸಾಮಾನಾಗಿತ್ತು. ಬೇರ್ ಕಾರ್ಖಾನೆಯಲ್ಲಿ ಮೊದಲ ವರ್ಷಗಳ ಬಿಲ್ಲುಗಳನ್ನು ನೆಲ್ಸ್ ಗ್ರಮ್ಲಿ ಎಂಬ ಕುಶಲಿ ಕೈಯಾರೆ ಮಾಡುತ್ತಿದ್ದು, ಅವನ ಹೆಸರಿರುವ ಬಿಲ್ಲುಗಳು ಇಂದಿಗೂ ಬೇರೆಯೇ ಬೆಲೆಗೆ ಹೋಗುತ್ತವೆ. 1947ರಲ್ಲಿ ಕಂಪನಿ ಮಿಷಿಗನ್ನಿನ ಉತ್ತರದ ಕಾಡಿನ ನಡುವಿನ ಗ್ರೇಲಿಂಗ್ ಎಂಬ ಸಣ್ಣ ಊರಿಗೆ ಸ್ಥಳಾಂತರಗೊಂಡಿತು. ಸಂಗ್ರಾಹಕರ ಬಾಯಲ್ಲಿ ‘ಗ್ರೇಲಿಂಗ್ ಬಿಲ್ಲು’ ಎಂಬುದು ಅಂದಿನಿಂದ 1978ರವರೆಗಿನ ಮಾಲಿಗೆ ಅನ್ವಯಿಸುವ ಮಾತು.

ಕೇವಲ ಮರದ ಬಿಲ್ಲಿಗೆ ಮೂರು ಕಾಯಿಲೆಗಳಿದ್ದವು. ಯೂ, ಓಸೇಜ್ ಆರೆಂಜ್ ಮೊದಲಾದ ಉತ್ತಮ ಮರಗಳಲ್ಲಿ ಗಂಟಿಲ್ಲದ ತುಂಡು ವಿರಳ. ತೇವ ಮತ್ತು ಚಳಿಗೆ ಬಲ ಏರಿಳಿಯುತ್ತಿತ್ತು. ಬಳಸುತ್ತ ಹೋದಂತೆ ಹೊಟ್ಟೆಯ ಎಳೆಗಳು ಕುಗ್ಗಿ ಕುಸಿದು, ಹೆದೆ ಇಳಿಸಿದ ಮೇಲೂ ಬಿಲ್ಲು ಹೆದೆಯ ಕಡೆಗೇ ಬಾಗಿ ಉಳಿಯುತ್ತಿತ್ತು. ಈ ತೊಂದರೆಗಳ ಮೇಲೆ 1930ರ ದಶಕದಲ್ಲಿಯೇ ಭೌತವಿಜ್ಞಾನಿಗಳ ಒಂದು ಸಣ್ಣ ಗುಂಪು ಕೆಲಸ ಮಾಡಿತು: ಕ್ಲಾರೆನ್ಸ್ ಹಿಕ್‌ಮನ್ ಅಗಲವಾದ ಚಪ್ಪಟೆ ತೋಳುಗಳು ಇಂಗ್ಲಿಷ್ ಬಿಲ್ಲಿನ ದುಂಡುಹೊಟ್ಟೆಯ ತೋಳುಗಳಿಗಿಂತ ಮೇಲೆಂಬುದನ್ನು ಲೆಕ್ಕಾಚಾರದಿಂದ ತೋರಿಸಿದನು, ಪಾಲ್ ಕ್ಲಾಪ್‌ಸ್ಟೆಗ್ 1934ರಲ್ಲಿ ತುರ್ಕಿಯ ಕೊಂಬುಬಿಲ್ಲಿನ ಮೇಲೆ ಪುಸ್ತಕವನ್ನೇ ಬರೆದನು. ಏಷ್ಯಾದ ಬಿಲ್ಲು ಅಮೆರಿಕದ ಕಾರ್ಯಾಗಾರದ ಬಾಗಿಲು ತಟ್ಟಿದ್ದು ಹೀಗೆ. ಯುದ್ಧಕಾಲದಲ್ಲಿ ಬೆಳೆದ ರಾಳ ಮತ್ತು ಅಂಟುಗಳ ಉದ್ಯಮ ಉಳಿದುದನ್ನು ಒದಗಿಸಿತು.

ಗಾಜುನಾರು ಎಂದರೆ ಗಾಜಿನ ಅತಿ ಸಣ್ಣ ಎಳೆಗಳನ್ನು ರಾಳದಲ್ಲಿ ಹುದುಗಿಸಿ ಗಟ್ಟಿಮಾಡಿದ ಪಟ್ಟಿ. ಬಿಲ್ಲಿಗೆ ಬೇಕಾದುದು ಎಳೆಗಳೆಲ್ಲ ತೋಳಿನ ಉದ್ದಕ್ಕೆ ಒಂದೇ ದಿಕ್ಕಿನಲ್ಲಿ ಓಡುವ ಪಟ್ಟಿ. ನೇಯ್ದ ಬಟ್ಟೆಯಂಥ ಗಾಜುನಾರಿನಲ್ಲಿ ಅಡ್ಡ ಎಳೆಗಳು ತೂಕವನ್ನು ಕೂಡಿಸುತ್ತವೆಯೇ ಹೊರತು ಬಲವನ್ನಲ್ಲ. ಬೇರ್ ಅಲ್ಲಿಗೆ ತಲುಪಿದ್ದು ಎಡವುತ್ತಲೇ: 1950ರ ಆಸುಪಾಸಿನಲ್ಲಿ ಅವನು ತೋಳಿನೊಳಗೆ ಅಲ್ಯೂಮಿನಿಯಮ್ ತಗಡಿನ ಪದರವನ್ನಿಟ್ಟು ಬಿಲ್ಲುಗಳನ್ನು ಮಾಡಿ ಮಾರಿದ್ದನು, ಲೋಹಕ್ಕೆ ಅಂಟು ನಿಲ್ಲದೆ ಅವುಗಳಲ್ಲಿ ಅನೇಕವು ಪದರ ಬಿಚ್ಚಿಕೊಂಡವು. ಅಂದಿನ ಆ ವೈಫಲ್ಯವೇ ಇಂದು ಅಪರೂಪದ ವಸ್ತುವಾಗಿ ಸಂಗ್ರಾಹಕರ ಗೋಡೆಯ ಮೇಲಿದೆ. ಒಂದೇ ದಿಕ್ಕಿನ ಗಾಜುನಾರನ್ನು ಬೆನ್ನು ಹೊಟ್ಟೆ ಎರಡಕ್ಕೂ ಹೊದಿಸಿ ನಡುವೆ ಮೇಪಲ್ ಮರವನ್ನಿಟ್ಟಾಗ ಸಮಸ್ಯೆ ಬಗೆಹರಿಯಿತು. ತುದಿಗಳು ಸೆಟೆದೇ ನಿಂತು ಸನ್ನೆಯಂತೆ ಮಾತ್ರ ಕೆಲಸ ಮಾಡುತ್ತಿದ್ದ ‘ಸ್ಟಾಟಿಕ್’ ಮಾದರಿಯ ಜಾಗಕ್ಕೆ, ತುದಿಯೂ ಬಾಗಿ ಬಿಚ್ಚಿಕೊಳ್ಳುವ ‘ವರ್ಕಿಂಗ್ ರಿಕರ್ವ್’ ಬಂದಿತು. ಇದರ ಅಮೆರಿಕನ್ ಪೇಟೆಂಟ್ 2,665,678 ಎಂಬ ಸಂಖ್ಯೆಯಲ್ಲಿ 1954ರ ಜನವರಿಯಲ್ಲಿ ನೋಂದಾಯಿತವಾಯಿತು. ಕೆನಡಾದ ಪೇಟೆಂಟ್ ಅದಕ್ಕೂ ಮೊದಲು 1953ರಲ್ಲಿ ದೊರೆತಿತ್ತು.

ಕೋಡಿಯಾಕ್, ಗ್ರಿಜ್ಲಿ, 1967ರ ಸೂಪರ್ ಕೋಡಿಯಾಕ್, ಕೇವಲ 52 ಅಂಗುಲದ ಕೋಡಿಯಾಕ್ ಮ್ಯಾಗ್ನಮ್ ಮುಂತಾದ ಹೆಸರುಗಳು ಬೇಟೆಗಾರರ ಮನೆಮಾತಾದುದು ಆ ಬಳಿಕದ ಎರಡು ದಶಕಗಳಲ್ಲಿ. ಬೇರ್ ತನ್ನ ಬೇಟೆಗಳನ್ನು ಚಲನಚಿತ್ರಗಳಾಗಿ ತೆಗೆಸಿ ಊರೂರಿನಲ್ಲಿ ತೋರಿಸುತ್ತಿದ್ದನು. 1960ರ ದಶಕದಲ್ಲಿ ಭಾರತಕ್ಕೂ ಬಂದು ಹುಲಿಯನ್ನು ಬಾಣದಿಂದ ಹೊಡೆದುದು ಅವನ ಪ್ರಚಾರದ ಒಂದು ಅಧ್ಯಾಯ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಇಲ್ಲಿ ಅಂಥದಕ್ಕೆ ಅವಕಾಶವೇ ಉಳಿಯಲಿಲ್ಲ. ಅದೇ ಕಾಲದಲ್ಲಿ ಅರ್ಕಾನ್ಸಾಸಿನ ಪೈನ್ ಬ್ಲಫ್‌ನಲ್ಲಿ ಬೆನ್ ಪಿಯರ್ಸನ್, ವಾಷಿಂಗ್ಟನ್ ರಾಜ್ಯದ ಯಾಕಿಮಾದಲ್ಲಿ ಡೇಮನ್ ಹೋವಟ್, ಟೆಕ್ಸಾಸಿನಲ್ಲಿ ಬಾಬ್ ಲೀಯ ವಿಂಗ್ ಕಂಪನಿ, ಮಿಸೌರಿಯಲ್ಲಿ ಅರ್ಲ್ ಹೋಯ್ಟ್ ಇವರೂ ಉತ್ತಮ ಬಿಲ್ಲುಗಳನ್ನು ಮಾಡಿದರು; ಕೆಲಸದ ನಯದಲ್ಲಿ ಹೋವಟ್‌ನ ಬಿಲ್ಲು ಗ್ರೇಲಿಂಗಿನದಕ್ಕಿಂತ ಒಂದು ಕೈ ಮೇಲೆಂದರೂ ತಪ್ಪಾಗಲಾರದು. ಈ ಭರಾಟೆಗೆ ತೆರೆ ಎಳೆದದ್ದು ಮಿಸೌರಿಯ ಹಾಲಿಸ್ ವಿಲ್ಬರ್ ಅಲೆನ್ 1969ರಲ್ಲಿ ಪೇಟೆಂಟ್ ಪಡೆದ, ರಾಟೆಗಳಿರುವ ಕಾಂಪೌಂಡ್ ಬಿಲ್ಲು. ಪೂರ್ತಿ ಸೆಳೆದಾಗ ಕೈಗೆ ಭಾರ ಇಳಿಯುವಂತೆ ಮಾಡಿದ ಆ ಯಂತ್ರದ ಮುಂದೆ ರಿಕರ್ವ್ ಹತ್ತು ವರ್ಷದೊಳಗೆ ಅಟ್ಟ ಸೇರಿತು. ಬೇರ್ ತನ್ನ ಕಂಪನಿಯನ್ನು 1968ರಲ್ಲಿಯೇ ವಿಕ್ಟರ್ ಕಾಂಪ್ಟೋಮೀಟರ್ ಸಂಸ್ಥೆಗೆ ಮಾರಿದ್ದನು. ಗ್ರೇಲಿಂಗಿನಲ್ಲಿ ಕಾರ್ಮಿಕರ ಮುಷ್ಕರ ನಡೆದ ಬಳಿಕ 1978ರಲ್ಲಿ ಕಾರ್ಖಾನೆ ಫ್ಲಾರಿಡಾದ ಗೇನ್ಸ್‌ವಿಲ್ಲಿಗೆ ಹೋಯಿತು.

ಹೀಗೆ ಅಟ್ಟ ಸೇರಿದ ಬಿಲ್ಲು ಮೊಮ್ಮಕ್ಕಳ ಕೈಯಲ್ಲಿ ಮಾರಾಟಕ್ಕೆ ಬಂದಾಗ ಮೊದಲು ಏಳುವ ಪ್ರಶ್ನೆ ಅದರ ವಯಸ್ಸಿನದು. ಮಾರುವವರು ಅತಿ ಹೆಚ್ಚಾಗಿ ಮಾಡುವ ತಪ್ಪು ತೋಳಿನ ಮೇಲಿನ ಅಚ್ಚಿನಲ್ಲಿಯೇ ಅಡಗಿದೆ: ಅಲ್ಲಿ ಪೇಟೆಂಟ್ ಸಂಖ್ಯೆಯ ಜೊತೆಗೆ ‘ಕೆನಡಾ ಪೇಟೆಂಟ್ 1953’ ಎಂದು ಮುದ್ರಿತವಾಗಿರುವುದನ್ನು ನೋಡಿ ಬಿಲ್ಲನ್ನೇ 1953ರದೆಂದು ನಂಬುತ್ತಾರೆ. ಆ ಅಚ್ಚು ಎಷ್ಟೋ ವರ್ಷಗಳ ಕಾಲ ಬದಲಾಗದೆ ಮುಂದುವರಿದುದರಿಂದ ಅದು ಬಿಲ್ಲು ಯಾವ ವರ್ಷಕ್ಕಿಂತ ಹಿಂದಿನದಲ್ಲ ಎಂಬುದನ್ನು ಹೇಳಬಲ್ಲುದೇ ಹೊರತು ಅದು ಯಾವಾಗಿನದು ಎಂಬುದನ್ನಲ್ಲ. ಶಾಸನಪಾಠದಲ್ಲಿ ಪರಿಣತರಾದವರಿಗೆ ಈ ಭೇದ ಹೊಸದೇನಲ್ಲ. ಹೆಚ್ಚು ನಂಬಬಹುದಾದ ಸಾಕ್ಷಿ ಹಿಡಿಯ ಭಾಗದಲ್ಲಿ ಕೂರಿಸಿದ ನಾಣ್ಯದಂಥ ಲೋಹದ ಬಿಲ್ಲೆ. ಸುಮಾರು 1959ಕ್ಕೆ ಮೊದಲಿನ ಬಿಲ್ಲುಗಳಲ್ಲಿ ಕಂಪನಿಯ ಗುರುತಾದ ಕರಡಿಯ ಚಿತ್ರ ಕೇವಲ ಅಂಟುಚೀಟಿಯಾಗಿ ಅಥವಾ ಅಚ್ಚಾಗಿ ಇರುತ್ತದೆ. ಆಮೇಲೆ ಲೋಹದ ಬಿಲ್ಲೆ ಬರುತ್ತದೆ, ಅದರ ಲೋಹವೂ ಕಾಲಕಾಲಕ್ಕೆ ಬದಲಾಗುತ್ತದೆ, 1960ರ ದಶಕದ ಬಹುಭಾಗದಲ್ಲಿ ಅದು ತವರದ ಮಿಶ್ರಲೋಹವಾದ ಪ್ಯೂಟರ್‌ನದು. 1970ರ ದಶಕದ ಮೊದಲ ವರ್ಷಗಳವರೆಗೆ ಬಿಲ್ಲೆ ಮರದ ಮೈಗೆ ಸಮನಾಗಿ ಕೂತಿದ್ದು, ಬೆರಳಾಡಿಸಿದರೆ ಅಂಚು ತಗುಲುವುದಿಲ್ಲ. ನಂತರದ್ದು ಉಬ್ಬಿ ನಿಂತಿರುತ್ತದೆ. ಕತ್ತಲಲ್ಲಿಯೂ ಬೆರಳ ತುದಿಯಿಂದ ಒಂದು ದಶಕವನ್ನು ಇನ್ನೊಂದರಿಂದ ಬೇರ್ಪಡಿಸಬಹುದಾದ ಇಂಥ ಗುರುತು ಕಾರ್ಖಾನೆಯ ಮಾಲಿನಲ್ಲಿ ಅಪರೂಪ.

ಊರಿನ ಹೆಸರು ಇನ್ನೊಂದು ಗಡಿ. ಗೇನ್ಸ್‌ವಿಲ್ ಎಂದಿದ್ದರೆ ಅದು 1978ರ ಈಚಿನದು, ಚರ್ಚೆಯಿಲ್ಲ. ‘ಎ.ಎಂ.ಒ.’ ಎಂಬ ಅಕ್ಷರಗಳು, ಅಂದರೆ ಬಿಲ್ಲುತಯಾರಕರ ಸಂಘ ಗೊತ್ತುಪಡಿಸಿದ ಅಳತೆಯ ಗುರುತು, 1960ರ ದಶಕದ ಕೊನೆಯ ಭಾಗದಿಂದ ಬಿಲ್ಲುಗಳ ಮೇಲೆ ಕಾಣಿಸುತ್ತವೆ. ಸೆಳೆತದ ಭಾರವನ್ನು, ಎಂದರೆ ಹೆದೆಯನ್ನು 28 ಅಂಗುಲ ಸೆಳೆದು ಹಿಡಿಯಲು ಬೇಕಾಗುವ ಬಲವನ್ನು, ಪೌಂಡುಗಳಲ್ಲಿ ಶಾಯಿಯಿಂದ ಕೈಬರಹದಲ್ಲಿಯೇ ಬರೆಯುತ್ತಿದ್ದರು. ನಲವತ್ತೈದು ಐವತ್ತು ಪೌಂಡಿನ ಬಿಲ್ಲುಗಳು ಧಾರಾಳ. ಎಡಗೈ ಬಿಲ್ಲು, ಅಂದರೆ ಬಲಗೈಯಲ್ಲಿ ಹಿಡಿದು ಎಡಗೈಯಿಂದ ಸೆಳೆಯುವುದು, ಕಡಿಮೆ. ಸ್ವತಃ ಫ್ರೆಡ್ ಬೇರ್ ಹಾಗೆ ಸೆಳೆಯುವವನಾಗಿದ್ದನೆಂಬುದರಿಂದ ಅದಕ್ಕೆ ಒಂದು ಬಗೆಯ ಮೋಹವೂ ಸೇರಿಕೊಂಡಿದೆ. ಹಿಡಿಯ ಮರವೂ ಮಾತಾಡುತ್ತದೆ: ಮೇಪಲ್, ಆಫ್ರಿಕಾದ ಬುಬಿಂಗಾ ಮತ್ತು ಶೆಡುವಾ, ಕೆಲವು ಬೆಲೆಬಾಳುವ ಬಿಲ್ಲುಗಳಲ್ಲಿ ರೋಸ್‌ವುಡ್. ಬ್ರೆಜಿಲ್ಲಿನ ರೋಸ್‌ವುಡ್ ಮಲೆನಾಡಿನ ಬೀಟೆಯ ಕುಲಕ್ಕೇ ಸೇರಿದ ಮರ. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತಾರಾಷ್ಟ್ರೀಯ ಒಪ್ಪಂದದ ಮೊದಲ ಪಟ್ಟಿಗೆ 1992ರಲ್ಲಿ ಅದು ಸೇರಿದುದರಿಂದ, ಆ ಮರದ ಬಿಲ್ಲನ್ನು ದೇಶದಿಂದ ದೇಶಕ್ಕೆ ಕಳಿಸಲು ಹೊರಟವರು ಕಾಗದಪತ್ರ ಹೊಂದಿಸಬೇಕಾಗುತ್ತದೆ.

ವಯಸ್ಸು ತಿಳಿದ ಮೇಲೆ ಆರೋಗ್ಯದ ಪರೀಕ್ಷೆ. ಗಾಜುನಾರಿನಲ್ಲಿ ಉದ್ದಕ್ಕೆ ಓಡುವ ಕೂದಲೆಳೆಯಂಥ ಗೆರೆಗಳು ಆ ಕಾಲದ ಬಿಲ್ಲುಗಳಲ್ಲಿ ಸಾಮಾನ್ಯವಾಗಿದ್ದು ಅವುಗಳಿಂದ ಭಯವಿಲ್ಲ; ಅಡ್ಡಲಾಗಿ ಹಾಯ್ದ ಬಿರುಕು ಎಳೆಗಳೇ ಮುರಿದುದರ ಲಕ್ಷಣವಾದುದರಿಂದ ಅಂಥ ಬಿಲ್ಲು ಗೋಡೆಗೆ ಮಾತ್ರ ಯೋಗ್ಯ. ತೋಳಿನ ಅಂಚಿನ ಉದ್ದಕ್ಕೂ ಉಗುರು ಎಳೆದು ಪದರ ಬಿಟ್ಟಿದೆಯೇ ಎಂದು ನೋಡಬೇಕು. ಹೆದೆ ಏರಿಸಿ ತುದಿಯ ಕಡೆಯಿಂದ ಒಂದೇ ಕಣ್ಣಿನಲ್ಲಿ ದಿಟ್ಟಿಸಿದಾಗ ಹೆದೆ ತೋಳಿನ ನಡುಗೆರೆಯಲ್ಲಿ ಬೀಳದೆ ಪಕ್ಕಕ್ಕೆ ಸರಿದಿದ್ದರೆ ತೋಳು ತಿರುಚಿಕೊಂಡಿದೆ ಎಂದರ್ಥ. ಬಿಲ್ಲನ್ನು ಒಂದು ಮೂಲೆಗೆ ಒರಗಿಸಿ ವರ್ಷಗಟ್ಟಲೆ ಬಿಡುವುದು, ಕಾಲಿನ ನಡುವೆ ತೂರಿಸಿ ತೊಡೆಗೆ ಒತ್ತಿ ಹೆದೆ ಏರಿಸುವುದು ಈ ತಿರುಚಿಗೆ ಮುಖ್ಯ ಕಾರಣಗಳು. ಎರಡು ತುದಿಗೂ ಚರ್ಮದ ಟೊಪ್ಪಿಯಿರುವ ಹಗ್ಗವನ್ನು ತೊಡಿಸಿ, ಹಗ್ಗವನ್ನು ಮೆಟ್ಟಿ, ಹಿಡಿಯನ್ನು ಮೇಲಕ್ಕೆತ್ತಿ ಹೆದೆ ಏರಿಸುವುದೇ ನಿರಪಾಯದ ಕ್ರಮ. ತಿರುಚಿದ ತೋಳನ್ನು ಬಿಸಿನೀರಿನಿಂದಲೋ ಕೂದಲು ಒಣಗಿಸುವ ಯಂತ್ರದ ಹದವಾದ ಬಿಸಿಯಿಂದಲೋ ಕಾಯಿಸಿ, ಎದುರು ದಿಕ್ಕಿಗೆ ಬೇಕಾದುದಕ್ಕಿಂತ ತುಸು ಹೆಚ್ಚೇ ತಿರುಗಿಸಿ, ತಣಿಯುವವರೆಗೆ ಹಿಡಿದರೆ ಅದು ಬಹುಮಟ್ಟಿಗೆ ದಾರಿಗೆ ಬರುತ್ತದೆ. ಒಂದೇ ಸಲಕ್ಕೆ ಬರಬೇಕೆಂದು ಬಿಸಿ ಏರಿಸಿದವರು ಅಂಟನ್ನೇ ಸಡಿಲಿಸಿ ಬಿಲ್ಲನ್ನು ಕಳೆದುಕೊಳ್ಳುತ್ತಾರೆ.

ಬಿಟ್ಟ ಪದರಕ್ಕೆ ನಿಧಾನವಾಗಿ ಗಟ್ಟಿಯಾಗುವ ಎರಡು ದ್ರವದ ಎಪಾಕ್ಸಿಯನ್ನು ಒಳಕ್ಕೆ ಇಳಿಸಿ, ಸೈಕಲ್ ಟ್ಯೂಬಿನ ಪಟ್ಟಿಗಳಿಂದ ಸುತ್ತಿ ಬಿಗಿದು, ಒಂದು ದಿನ ಮುಟ್ಟದೆ ಬಿಡುವುದು ರೂಢಿ. ಹಿಡಿಯಲ್ಲಿ ಗುರಿಕಾಣುವ ಸಾಧನಕ್ಕೋ ಬತ್ತಳಿಕೆಗೋ ಹಿಂದಿನ ಒಡೆಯರು ಕೊರೆದ ತಿರುಪಿನ ತೂತುಗಳನ್ನು ಅದೇ ಮರದ ಪುಡಿಯನ್ನು ಎಪಾಕ್ಸಿಯಲ್ಲಿ ಕಲೆಸಿ ತುಂಬಬಹುದು. ಇಲ್ಲಿಯವರೆಗಿನ ಕೆಲಸಕ್ಕೆ ಯಾರ ತಕರಾರೂ ಇಲ್ಲ. ತಕರಾರು ಮೊದಲಾಗುವುದು ಮೇಲ್ಲೇಪದ ವಿಷಯದಲ್ಲಿ. ಹಳೆಯ ವಾರ್ನಿಷು ಹಳದಿಗಟ್ಟಿ, ಬಿರಿದು, ಅಲ್ಲಲ್ಲಿ ಎದ್ದಿರುವುದನ್ನು ಕಂಡ ಹೊಸ ಸಂಗ್ರಾಹಕನ ಕೈ ಉಪ್ಪುಕಾಗದದ ಕಡೆಗೆ ಹೋಗುತ್ತದೆ. ಒಂದು ಸಂಜೆಯ ಉಜ್ಜಾಟದಲ್ಲಿ ಬಿಲ್ಲು ಹೊಳೆಯತೊಡಗುತ್ತದೆ, ಅದರೊಂದಿಗೆ ಅಚ್ಚಿನ ಅಕ್ಷರ, ಶಾಯಿಯಲ್ಲಿ ಬರೆದ ಭಾರ, ಕ್ರಮಸಂಖ್ಯೆ ಎಲ್ಲವೂ ಧೂಳಾಗುತ್ತವೆ. ಇಂಥ ಜೀರ್ಣೋದ್ಧಾರ ಶಾಸನದ ಮೇಲೆ ಸುಣ್ಣ ಬಳಿದಂತೆ. ಕಾಗದ ಗಾಜುನಾರಿನೊಳಕ್ಕೆ ಇಳಿದರೆ ಮೇಲಿನ ಎಳೆಗಳು ತುಂಡಾಗಿ ತೋಳು ದುರ್ಬಲವಾಗುತ್ತದೆ, ಏಳುವ ಗಾಜಿನ ಧೂಳು ಮುಖವಾಡವಿಲ್ಲದವರ ಶ್ವಾಸಕೋಶಕ್ಕೆ ಹೋಗುತ್ತದೆ. ಬಣ್ಣ ತೆಗೆಯುವ ರಾಸಾಯನಿಕಗಳು ಇನ್ನೂ ಕೆಟ್ಟವು, ಏಕೆಂದರೆ ಅವು ವಾರ್ನಿಷು, ರಾಳ, ಅಂಟು ಎಂದು ಭೇದವೆಣಿಸುವುದಿಲ್ಲ. ಅನುಭವಿಗಳ ಕ್ರಮ ಬಲು ಸಾದಾ: ಸೌಮ್ಯವಾದ ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕೊಳೆ ಒರೆಸುವುದು, ಅತಿ ನಯವಾದ ಉಕ್ಕಿನ ಉಣ್ಣೆಯಿಂದ ಅಕ್ಷರಗಳನ್ನು ಬಿಟ್ಟು ಉಳಿದೆಡೆ ಹಗುರವಾಗಿ ತಿಕ್ಕುವುದು, ಮೇಣ ಹಚ್ಚುವುದು, ಲೇಪ ಪೂರ್ತಿ ಹೋಗಿರುವ ಕಡೆ ಮಾತ್ರ ಬಟ್ಟೆಯಿಂದ ಸವರುವ ಎಣ್ಣೆಯನ್ನೋ ಪಾಲಿಯುರೆಥೇನನ್ನೋ ತೆಳುವಾಗಿ ಎಳೆಯುವುದು.

ಹೆದೆಯ ಆಯ್ಕೆಯಲ್ಲಿಯೂ ಕಾಲಧರ್ಮವಿದೆ. ಇಂದಿನ ಬಿಲ್ಲುಗಳಿಗೆ ಬಳಸುವ ಪಾಲಿಎಥಿಲೀನ್ ಹೆದೆಗಳು ಹಿಗ್ಗುವುದೇ ಇಲ್ಲವೆನ್ನುವಷ್ಟು ಗಡುಸು. ಬಾಣ ಬಿಟ್ಟ ಕ್ಷಣದ ಹೊಡೆತವೆಲ್ಲ ಕೊಪ್ಪಿಗೆ, ಅಂದರೆ ಹೆದೆಯ ಕುಣಿಕೆ ಕೂರುವ ತುದಿಯ ಕಚ್ಚಿಗೆ, ಬಂದು ಬೀಳುತ್ತದೆ, ಹಳೆಯ ಬಿಲ್ಲಿನ ಕೊಪ್ಪುಗಳು ಅದನ್ನು ತಡೆಯದೆ ಸೀಳುತ್ತವೆ. ತುಸು ಹಿಗ್ಗಿ ಆ ಹೊಡೆತವನ್ನು ನುಂಗಿಕೊಳ್ಳುವ ಡೇಕ್ರಾನ್, ಅಂದರೆ ಪಾಲಿಯೆಸ್ಟರ್ ನೂಲಿನ ಹೆದೆಯೇ ಅವಕ್ಕೆ ಸರಿ. ಅದರ ಉದ್ದ ಬಿಲ್ಲಿನ ಉದ್ದಕ್ಕಿಂತ ಮೂರು ನಾಲ್ಕು ಅಂಗುಲ ಕಡಿಮೆಯಿದ್ದು, ಹಿಡಿಯ ಅತಿ ತಗ್ಗಿನ ಭಾಗದಿಂದ ಹೆದೆಯವರೆಗಿನ ಅಂತರ ಏಳೂವರೆ ಎಂಟು ಅಂಗುಲದ ಆಚೀಚೆ ನಿಲ್ಲಬೇಕು. ಮೊದಲ ದಿನವೇ ಪೂರ್ತಿ ಸೆಳೆಯದೆ, ಹತ್ತು ಅಂಗುಲ, ಹದಿನೈದು ಅಂಗುಲ ಎಂದು ಏರಿಸುತ್ತ ಹೋಗುವುದು, ಬಾಣವಿಲ್ಲದೆ ಹೆದೆಯನ್ನು ಎಂದೂ ಬಿಡದಿರುವುದು, ಐವತ್ತು ವರ್ಷ ಮಲಗಿದ್ದ ಬಿಲ್ಲಿಗೆ ಸಲ್ಲಬೇಕಾದ ಮರ್ಯಾದೆ.

ಬೇರ್ ಕಂಪನಿ 1959ರ ಕೋಡಿಯಾಕನ್ನು ಈಚಿನ ವರ್ಷಗಳಲ್ಲಿ ಅದೇ ಹೆಸರಿನಿಂದ ಮತ್ತೆ ತಯಾರಿಸಿ ಮಾರಿದೆ. ಆಕಾರ ಹಳೆಯದರದೇ, ಬಿಲ್ಲೆಯೂ ಇದೆ. ಹೊಸ ಅಂಟು ಮತ್ತು ಹೊಸ ಗಾಜುನಾರಿನಿಂದಾಗಿ ಬಿಲ್ಲಾಗಿ ಅದು ಹಳೆಯದಕ್ಕಿಂತ ಗಟ್ಟಿಯೆಂದರೂ ಸಲ್ಲುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಹಳೆಯದನ್ನು ಸಾರುವುದು ಹಿಡಿಯ ಚರ್ಮದಲ್ಲಿ ಇಂಗಿದ ಬೆವರಿನ ಕಲೆ, ಬಾಣ ಕೂರುವ ತಟ್ಟಿನ ಉಜ್ಜಿ ಸವೆದ ಮೂಲೆ, ಅರ್ಧ ಮಾಸಿದ ಶಾಯಿಯ ಅಂಕಿ. ಇವನ್ನು ತಿಕ್ಕಿ ತೆಗೆದ 1959ರ ಕೋಡಿಯಾಕ್ ಮತ್ತು ಅಂಗಡಿಯಿಂದ ಬಂದ ಹೊಸ ಕೋಡಿಯಾಕ್ ನಡುವೆ, ತುಸು ದೂರದಿಂದ ನೋಡಿದವನಿಗೆ, ಯಾವ ವ್ಯತ್ಯಾಸವೂ ಕಾಣುವುದಿಲ್ಲ.